ಲೋಗನ್ನನ ಎರಡು ಬರಹಗಳು

ವಿಲಿಯಂ ಲೋಗನ್ ಎಂದೊಡನೆ ನೆನಪಾಗುವುದು 1887ರ 'ಮಲಬಾರ್ ಮ್ಯಾನುವಲ್'. ಮಲಯಾಳದ ಮಿತ್ರರು ಟಿ.ವಿ. ಕೃಷ್ಣನ್ ಅವರ ಅನುವಾದದಲ್ಲಿ ಅದನ್ನು ಓದಿಕೊಂಡಿದ್ದಾರೆ. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾರಣ ಚಂದ್ರಗಿರಿಯ ಈಚೆಗಿನ ನಾವು ಅದರೊಳಗೆ ಇಲ್ಲ. ನಮ್ಮ ಜಿಲ್ಲೆಯ ಮ್ಯಾನುವಲ್ಲನ್ನು ಸ್ಟರಕ್ 1894ರಲ್ಲಿ ಹೊರತಂದ. ಆದರೂ ಹಳೆಯ ಗೇಣಿಚೀಟುಗಳು ಪೆಟ್ಟಿಗೆಯಲ್ಲಿರುವ ಮನೆಯವರು ಲೋಗನ್ನನನ್ನು ಓದಬೇಕು. ಚರಿತ್ರೆಯ ಭಾಗವನ್ನಲ್ಲ. ಅಲ್ಲಿ ಆತ ಚೇರಮಾನ್ ಪೆರುಮಾಳನ ಅರೇಬಿಯಾ ಪ್ರಯಾಣದ ಐತಿಹ್ಯಕ್ಕೂ 825ರ ಕೊಲ್ಲಂ ಶಕೆಗೂ ಗಂಟುಹಾಕುತ್ತಾನೆ, ಒಪ್ಪುವುದು ಕಷ್ಟ. ಓದಬೇಕಾದ್ದು ಭೂಹಿಡುವಳಿಯ ಅಧ್ಯಾಯ.

ಆ ಅಧ್ಯಾಯದ ಹಿಂದೆ ಇನ್ನೊಂದು ಬರಹವಿದೆ. 1841ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಲೋಗನ್ 1875ರಲ್ಲಿ ಮಲಬಾರಿನ ಕಲೆಕ್ಟರನಾದ. ಮಾಪಿಳ್ಳೆಯರ ದಂಗೆಗಳಿಗೆ ಮತಾವೇಶವೇ ಕಾರಣವೆಂದು 1852ರಲ್ಲೇ ಸ್ಟ್ರೇಂಜ್ ವರದಿ ಕೊಟ್ಟಿದ್ದ. 1855ರಲ್ಲಿ ಕಲೆಕ್ಟರ್ ಕಾನೊಲಿಯ ಕೊಲೆಯಾದ ಮೇಲೆ ಸರಕಾರಕ್ಕೆ ಬೇರೆ ಕಾರಣ ಬೇಕಿರಲಿಲ್ಲ. 1881ರಲ್ಲಿ ವಿಶೇಷ ಕಮಿಷನರನಾಗಿ ನೇಮಕಗೊಂಡ ಲೋಗನ್ ಒಕ್ಕಲುಗಳ ಅರ್ಜಿಗಳನ್ನು ಓದಿ, ಮರುವರ್ಷ ಬೇರೆಯದೇ ಮಾತು ಬರೆದ: ಬೇರು ಮಣ್ಣಿನಲ್ಲಿದೆ, ಒಕ್ಕಲೆಬ್ಬಿಸುವಿಕೆಯಲ್ಲಿದೆ. ಜನ್ಮಿ, ಕಾಣಕ್ಕಾರ, ಸಾಗುವಳಿದಾರ ಮೂವರಿಗೂ ಹುಟ್ಟುವಳಿಯಲ್ಲಿ ಪಾಲಿತ್ತು. ಕಂಪೆನಿಯ ಅಧಿಕಾರಿಗಳೂ ಕೋರ್ಟುಗಳೂ ಜನ್ಮಿಯನ್ನು ವಿಲಾಯಿತಿಯ ಭೂಮಾಲೀಕನೆಂದೇ ತಿಳಿದು ಉಳಿದಿಬ್ಬರನ್ನು ಬೀಳಿಸಿದವು. ಕಾಣವೆಂದರೆ ಅಡವೂ ಹೌದು, ಗೇಣಿಯೂ ಹೌದು. ಅದನ್ನು ಬರಿಯ ಅಡವೆಂದು ಓದಿದರೆ ಹಣ ಹಿಂದಿತ್ತು ಮನುಷ್ಯನನ್ನು ಎಬ್ಬಿಸಬಹುದು! ಜನ್ಮಿಯ ಕೈಯಲ್ಲಿ ಹಣವಿಲ್ಲದಿದ್ದರೆ ಇನ್ನೊಬ್ಬನಿಗೆ 'ಮೇಲ್ಚಾರ್ತ್' ಬರೆದು ಕೊಟ್ಟರಾಯಿತು, ಎಬ್ಬಿಸುವ ಕೆಲಸ ಅವನದು. ನಮ್ಮ ಚಾಲಗೇಣಿಯ ಒಕ್ಕಲುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಲೋಗನ್ನನ ವಾದದಲ್ಲಿ ಒಂದು ಕೊರತೆಯಿದೆ. ಮೂವರ ಪಾಲಿನ ಆ ಹಳೆಯ ಮಲಬಾರು ಆತನ ಕಣ್ಣಿಗೆ ಅತಿ ಸುಂದರವಾಗಿ ಕಂಡಿದೆ. ಗದ್ದೆಯ ಕೆಸರಿನಲ್ಲಿ ನಿಂತ ಚೆರುಮ ಆ ಮೂವರ ಲೆಕ್ಕಕ್ಕೆ ಬರುವುದೇ ಇಲ್ಲ. ಜೀತದ ವಿಷಯ ಆತನಿಗೆ ತಿಳಿಯದ್ದೇನಲ್ಲ. ಅದೇ ಮ್ಯಾನುವಲ್ಲಿನಲ್ಲಿ ಬರೆದಿದ್ದಾನೆ. ಬರೆದದ್ದನ್ನು ಲೆಕ್ಕಕ್ಕೆ ಸೇರಿಸಲಿಲ್ಲ.

ವರದಿ ಸಮಿತಿಯಿಂದ ಸಮಿತಿಗೆ ಹೋಯಿತು. ಮ್ಯಾನುವಲ್ ಅಚ್ಚಾದ 1887ರಲ್ಲಿ ಬಂದದ್ದು ಸುಧಾರಣೆಗಳ ಪರಿಹಾರ ಕಾಯ್ದೆ ಮಾತ್ರ: ಎಬ್ಬಿಸಿಕೊಂಡವನಿಗೆ ತಾನು ನೆಟ್ಟ ಮರದ ಬೆಲೆ ಸಿಗುತ್ತಿತ್ತು, ಎಬ್ಬಿಸುವುದು ನಿಲ್ಲಲಿಲ್ಲ. ಲೋಗನ್ 1914ರಲ್ಲಿ ತೀರಿಕೊಂಡ. ಮಲಬಾರ್ ಗೇಣಿ ಕಾಯ್ದೆ ಬಂದದ್ದು 1930ರಲ್ಲಿ. ಜನ್ಮಿಯ ಹಕ್ಕು ಕಳಚಿದ್ದು 1970ರ ಜನವರಿ 1ರಂದು. ಆ ಹೊತ್ತಿಗೆ ಚಂದ್ರಗಿರಿಯ ಎರಡೂ ದಡಗಳಿಗೆ ಕಾನೂನು ಒಂದೇ ಆಗಿತ್ತು.