ಮೈಲೇಜ್, ಪಿಕಪ್ ಮತ್ತು ಚಾರ್ಮಾಡಿ ಘಾಟಿ

ಹದಿನೈದರಿಂದ ಇಪ್ಪತ್ತು ಲಕ್ಷದ ಆಸುಪಾಸಿನ ಕಾರುಗಳಲ್ಲಿ ಈಗ ಎರಡು ಬಗೆ ಎದುರುಬದುರಾಗಿ ನಿಂತಿವೆ. ಒಂದು ಹೈಬ್ರಿಡ್: 2022ರಿಂದ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ತಯಾರಾಗುತ್ತ ಬಂದ ಹೈರೈಡರ್ ಮತ್ತು ಅದರ ಅವಳಿ ಮಾರುತಿ ಗ್ರ್ಯಾಂಡ್ ವಿಟಾರಾ. ಇನ್ನೊಂದು ಸ್ಪೋರ್ಟ್ ಬಗೆ: 2024ರ ಮಾರ್ಚಿನಲ್ಲಿ ಬಂದ ಹ್ಯುಂಡೈ ಕ್ರೆಟಾ ಎನ್ ಲೈನ್ ಅದಕ್ಕೆ ಒಳ್ಳೆಯ ಉದಾಹರಣೆ. ಮೊದಲನೆಯದು ಮೈಲೇಜಿಗೆ ಹೆಸರಾದದ್ದು, ಎರಡನೆಯದು ಪಿಕಪ್ಪಿಗೆ. ಬೆಳ್ತಂಗಡಿ ಪೇಟೆಗೆ ಅಂಟಿಕೊಂಡಿರುವ ಲಾಯಿಲದಿಂದ ಪಶ್ಚಿಮಕ್ಕೆ ಗುರುವಾಯನಕೆರೆ, ಬಂಟ್ವಾಳ, ಮಂಗಳೂರು. ಪೂರ್ವಕ್ಕೆ ಉಜಿರೆ, ಚಾರ್ಮಾಡಿ, ಘಾಟಿ ಹತ್ತಿದರೆ ಕೊಟ್ಟಿಗೆಹಾರ. ಈ ದಾರಿಯ ಮೇಲೆ ತೂಗಿ ನೋಡಿದರೆ ಎರಡೂ ಹೆಸರುಗಳು ಅಷ್ಟಿಷ್ಟು ಉಬ್ಬಿಕೊಂಡಿವೆ ಎಂದು ಗೊತ್ತಾಗುತ್ತದೆ. ಕೊನೆಗೆ ಗೆಲ್ಲುವುದು ಹೈಬ್ರಿಡ್ಡೇ. ಆದರೆ ಅದನ್ನು ಹೊಗಳುವವರು ಕೊಡುವ ಕಾರಣಕ್ಕೆ ಗೆಲ್ಲುವುದಿಲ್ಲ.

ಹೈಬ್ರಿಡ್ಡಿಗೆ ಕಂಪನಿ ಹೇಳುವ ಮೈಲೇಜ್ ಲೀಟರಿಗೆ 27.97 ಕಿಲೋಮೀಟರ್. ಈ ಅಂಕಿ ಹುಟ್ಟುವುದು ಪ್ರಯೋಗಾಲಯದ ರೋಲರುಗಳ ಮೇಲೆ. ಅಲ್ಲಿ ಏರಿಲ್ಲ, ಎಸಿ ಹಾಕುವುದಿಲ್ಲ, ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್ ದಾಟುವುದಿಲ್ಲ. ನಿಲ್ಲುವುದು, ಹೊರಡುವುದು ಮಾತ್ರ ಧಾರಾಳ. ನಿಂತಾಗಲೆಲ್ಲ ಎಂಜಿನ್ ಆರಿಸುವ ಹೈಬ್ರಿಡ್ಡಿಗೆ ಇದಕ್ಕಿಂತ ಅನುಕೂಲದ ಪರೀಕ್ಷೆ ಸಿಗಲಾರದು. ಮಳೆಗಾಲದ ಸೆಕೆಗೆ ಎಸಿ ಹಾಕಿಕೊಂಡು ಮಂಗಳೂರಿಗೆ ಹೋಗಿ ಬರುವವರಿಗೆ 20ರಿಂದ 22 ಸಿಕ್ಕರೆ ಅದು ಒಳ್ಳೆಯ ಫಲಿತಾಂಶವೇ. 28 ಸಿಗುತ್ತದೆಂದು ನಂಬಿಸಿ ಮಾರುವುದು ಮಾತ್ರ ತಪ್ಪು.

ಘಾಟಿಯ ವಿಷಯದಲ್ಲಿ ಇನ್ನೂ ದೊಡ್ಡ ತಪ್ಪು ತಿಳಿವಳಿಕೆ ಇದೆ. ಇಳಿಜಾರಿನಲ್ಲಿ ಬ್ಯಾಟರಿ ತಾನೇ ಚಾರ್ಜ್ ಆಗುವುದರಿಂದ ಏರುವಾಗ ಸುಟ್ಟ ಪೆಟ್ರೋಲ್ ಇಳಿಯುವಾಗ ವಾಪಸ್ ಬರುತ್ತದೆ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಇದನ್ನು ಕರೆಂಟ್ ಬಿಲ್ಲಿನ ಯೂನಿಟ್ಟಿನಲ್ಲೇ ಲೆಕ್ಕ ಹಾಕಬಹುದು. ನಾಲ್ವರನ್ನೂ ಸಾಮಾನನ್ನೂ ಹೊತ್ತ ಕಾರಿನ ತೂಕ ಸುಮಾರು 1,550 ಕಿಲೋ. ಅದು 700 ಮೀಟರ್ ಎತ್ತರ ಇಳಿಯುತ್ತದೆ ಎಂದಿಟ್ಟುಕೊಂಡರೆ ಬಿಡುಗಡೆಯಾಗುವ ಶಕ್ತಿ ಹತ್ತಿರಹತ್ತಿರ 3 ಯೂನಿಟ್. ಇಪ್ಪತ್ತು ಕಿಲೋಮೀಟರ್ ದಾರಿಯಲ್ಲಿ ಟೈರು ಮತ್ತು ಗಾಳಿಯ ತಡೆಗೆ ಒಂದು ಯೂನಿಟ್ಟಿಗಿಂತ ತುಸು ಹೆಚ್ಚು ಹೋಗಬಹುದು. ಉಳಿದದ್ದನ್ನು ಹಿಡಿದಿಡಬೇಕಾದ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ 0.76 ಯೂನಿಟ್. ಬಾಳಿಕೆ ಬರಲೆಂದು ಅದನ್ನು ಪೂರ್ತಿ ಬರಿದಾಗಲೂ ಬಿಡುವುದಿಲ್ಲ, ಪೂರ್ತಿ ತುಂಬಲೂ ಬಿಡುವುದಿಲ್ಲ; ಒಂದು ಸಲಕ್ಕೆ ಅದು ನುಂಗುವುದು ಹೆಚ್ಚೆಂದರೆ ಅರ್ಧ ಯೂನಿಟ್ಟಿನೊಳಗೆ. ಅಂದರೆ ಕೊಟ್ಟಿಗೆಹಾರದಿಂದ ಇಳಿಯತೊಡಗಿದ ಸ್ವಲ್ಪ ಹೊತ್ತಿಗೇ ಬ್ಯಾಟರಿ ಸಾಕೆನ್ನುತ್ತದೆ. ಆಮೇಲೆ ಹೈಬ್ರಿಡ್ಡೂ ಉಳಿದ ಕಾರುಗಳಂತೆಯೇ ಇಳಿಯಬೇಕು. ಲಿವರನ್ನು ‘ಬಿ’ಗೆ ತಂದರೆ ಎಂಜಿನ್ ತಿರುಗಿ ಕಾರನ್ನು ಹಿಡಿಯುತ್ತದೆ, ಹೆಚ್ಚಿನ ಶಕ್ತಿ ಶಬ್ದವಾಗಿ, ಶಾಖವಾಗಿ ಹೋಗುತ್ತದೆ. ಹೈಬ್ರಿಡ್ ಕಾರು ಇಳಿಜಾರಿನಲ್ಲಿ ಇದ್ದಕ್ಕಿದ್ದಂತೆ ಗುಂಯ್‌ಗುಡುವುದಕ್ಕೆ ಕಾರಣ ಇದೇ. ಅದು ಕೆಟ್ಟದ್ದರ ಸೂಚನೆಯಲ್ಲ.

ಏರುವಾಗ ಇದರ ಇನ್ನೊಂದು ಮುಖ ಕಾಣುತ್ತದೆ. ಪುಟ್ಟ ಬ್ಯಾಟರಿಯ ನೆರವು ಬೇಗ ಇಳಿಮುಖವಾಗುತ್ತದೆ. ಮುಖ್ಯ ಭಾರ ಮೂರು ಸಿಲಿಂಡರಿನ, 92 ಅಶ್ವಶಕ್ತಿಯ ಎಂಜಿನ್ನಿನ ಮೇಲೆ ಬೀಳುತ್ತದೆ. ಎಂಜಿನ್, ಮೋಟಾರು ಎರಡೂ ಸೇರಿ 115 ಎಂದು ಹೇಳುವ ಅಂಕಿ ಉದ್ದ ಏರಿನಲ್ಲಿ ಕೊನೆಯತನಕ ನಿಲ್ಲುವುದಿಲ್ಲ. ಎಂಜಿನ್ ಒಂದೇ ಸ್ವರದಲ್ಲಿ ಕೂಗುತ್ತದೆ, ವೇಗ ಅದಕ್ಕೆ ತಕ್ಕಷ್ಟು ಏರುವುದಿಲ್ಲ. ಎನ್ ಲೈನಿನ 1.5 ಲೀಟರ್ ಟರ್ಬೊ ಎಂಜಿನ್ನಿಗೆ 160 ಅಶ್ವಶಕ್ತಿ, 1,500 ಆರ್‌ಪಿಎಮ್‌ನಿಂದಲೇ 253 ನ್ಯೂಟನ್ ಮೀಟರ್ ಟಾರ್ಕ್. ಎರಡು ತಿರುವುಗಳ ನಡುವಿನ ನೇರ ತುಣುಕಿನಲ್ಲಿ ಲಾರಿಯೊಂದನ್ನು ಬೇಗ ದಾಟಿ ಎಡಕ್ಕೆ ಬರಬೇಕಾದಾಗ ಈ ವ್ಯತ್ಯಾಸ ಅಲಂಕಾರದ ಮಾತಲ್ಲ, ಸುರಕ್ಷತೆಯ ಮಾತು.

ಆದರೆ ತಿರುವಿನ ಒಳಗೆ ಲೆಕ್ಕ ಬದಲಾಗುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಎದುರಿನಿಂದ ಬಸ್ಸು ಬಂದು ವೇಗ 15ಕ್ಕೆ ಇಳಿದರೆ, ಎರಡನೇ ಗೇರಿನಲ್ಲಿ ಟರ್ಬೊ ಎಂಜಿನ್ 1,500ಕ್ಕಿಂತ ಕೆಳಗೆ ಜಾರುತ್ತದೆ. ಟರ್ಬೊ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ. ಚಾಲಕ ಒಂದನೇ ಗೇರಿಗೆ ಇಳಿಯಬೇಕು, ಇಲ್ಲವೇ ಹಾಫ್ ಕ್ಲಚ್ಚಿನಲ್ಲಿ ಎಳೆಯಬೇಕು. ತಾನೇ ಗೇರು ಬದಲಿಸುವ ಏಳು ಗೇರಿನ ಡಿಸಿಟಿ ಆಯ್ದುಕೊಂಡವರಿಗೆ ಗೇರಿನ ಚಿಂತೆಯಿಲ್ಲ. ಆದರೆ ಲಾರಿಯ ಹಿಂದೆ ತೆವಳುತ್ತ ಏರುವಾಗ ಅದರ ಒಣ ಕ್ಲಚ್ಚುಗಳು ಜಾರಿ ಜಾರಿ ಬಿಸಿಯಾಗುತ್ತವೆ. ಹೈಬ್ರಿಡ್ಡಿನಲ್ಲಿ ಜಾರಲು ಕ್ಲಚ್ಚೇ ಇಲ್ಲ. 1997ರ ಪ್ರಿಯಸ್‌ನಿಂದ ಟೊಯೊಟಾ ತಿದ್ದುತ್ತ ಬಂದ ಗೇರುಚಕ್ರಗಳ ಜೋಡಣೆ ಎಂಜಿನ್ನನ್ನೂ ಮೋಟಾರನ್ನೂ ಸದಾ ಕೂಡಿಸಿಯೇ ಇಟ್ಟಿರುತ್ತದೆ. ಮೋಟಾರಿನ 141 ನ್ಯೂಟನ್ ಮೀಟರ್ ನಿಂತಲ್ಲಿಂದಲೇ ದೊರೆಯುತ್ತದೆ. ತಿರುವಿನಲ್ಲಿ ಹೈಬ್ರಿಡ್, ನೇರದಲ್ಲಿ ಸ್ಪೋರ್ಟ್: ಚಾರ್ಮಾಡಿ ಘಾಟಿಯ ನಿಜವಾದ ತೀರ್ಪು ಇಷ್ಟು.

ಕಾರು ವಿಮರ್ಶಕರು ಈ ತೀರ್ಪಿಗೆ ಬಾರದಿರಲು ಕಾರಣ ಅವರ ಅಳತೆಗೋಲು. ಒಂದು ಪಕ್ಷ ಟ್ಯಾಂಕ್ ತುಂಬಿಸಿ ಹೆದ್ದಾರಿ ಹಿಡಿದು ಮೈಲೇಜ್ ತೆಗೆಯುತ್ತದೆ. ಇನ್ನೊಂದು ಪಕ್ಷ ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್ ಎಂದು ಗಡಿಯಾರ ಹಿಡಿಯುತ್ತದೆ. ಚಾರ್ಮಾಡಿಯಲ್ಲಿ ನೂರರ ವೇಗಕ್ಕೆ ಜಾಗವೇ ಇಲ್ಲ. ಅಲ್ಲಿ ಬೇಕಾದದ್ದು ಹದಿನೈದರಿಂದ ಐವತ್ತಕ್ಕೆ ಏರುವ ಪರಿ, ಏರಿನಲ್ಲಿ ಹಿಂದಕ್ಕೆ ಜಾರದೆ ಹೊರಡುವ ಗುಣ, ಇಳಿಯುವಾಗ ಬ್ರೇಕ್ ಕಾಯದಂತೆ ಕಾಯುವ ಬಗೆ. ಈ ಮೂರನ್ನು ಅಳೆಯದೆ ಸ್ಪೋರ್ಟ್ ಕಾರನ್ನು ‘ಘಾಟಿಯ ರಾಜ’ ಎಂದು ಕರೆಯುವುದು ಓದುಗರಿಗೆ ಮಾಡುವ ಅನ್ಯಾಯ. ಎನ್ ಲೈನ್ ಹೆಸರಿನ ಬಗ್ಗೆಯೂ ಅವರು ಸಾಕಷ್ಟು ನಿಷ್ಠುರವಾಗಿಲ್ಲ. ಅದೇ ಎಂಜಿನ್ನು, ಅದೇ 160 ಅಶ್ವಶಕ್ತಿ 2024ರ ಮಾಮೂಲಿ ಕ್ರೆಟಾದ ಮೇಲ್ದರ್ಜೆಯಲ್ಲೂ ಇತ್ತು. ಎನ್ ಲೈನ್ ನಿಜವಾಗಿ ಸೇರಿಸಿದ್ದು 18 ಇಂಚಿನ ಚಕ್ರ, ತುಸು ಬಿಗಿಯಾದ ಸ್ಟೀರಿಂಗ್, ಸೈಲೆನ್ಸರಿನ ದನಿ ಮತ್ತು ಆರು ಗೇರಿನ ಮ್ಯಾನುಯಲ್. ಇವುಗಳಲ್ಲಿ ಬೆಲೆಯುಳ್ಳದ್ದು ಕೊನೆಯದು. ವಿಮರ್ಶೆಗಳು ಅದನ್ನು ಒಂದು ಸಾಲಿನಲ್ಲಿ ಮುಗಿಸಿ ಕೆಂಪು ಪಟ್ಟಿಗಳ ಬಗ್ಗೆ ಪುಟ ತುಂಬಿಸುತ್ತವೆ.

ಹಣದ ಲೆಕ್ಕವನ್ನೂ ಹೀಗೆಯೇ ಬಿಡಿಸಬೇಕು. 2025ರ ಸೆಪ್ಟೆಂಬರ್ 22ಕ್ಕೆ ಮುಂಚೆ ಹೈಬ್ರಿಡ್ಡಿಗೆ ತೆರಿಗೆ ಶೇ. 43, ಈ ಅಳತೆಯ 1,500 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಶೇ. 45 ಇತ್ತು, ಈಗ ಎರಡಕ್ಕೂ ಶೇ. 40. ಉತ್ತರ ಪ್ರದೇಶ 2024ರಲ್ಲಿ ಇಂಥ ಹೈಬ್ರಿಡ್ಡುಗಳ ನೋಂದಣಿ ತೆರಿಗೆ ಬಿಟ್ಟುಕೊಟ್ಟಿತು. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಜೀವಾವಧಿ ತೆರಿಗೆ ಶೇ. 17, ಅದರ ಮೇಲೆ ಸೆಸ್. ಹೈಬ್ರಿಡ್ಡಿಗೂ ಅದರದೇ ಸಾದಾ ಪೆಟ್ರೋಲ್ ತಂಗಿಗೂ ಎರಡು ಲಕ್ಷದ ಅಂತರವಿದ್ದರೆ ತೆರಿಗೆ ಸೇರಿ ಅದು 2.34 ಲಕ್ಷ ದಾಟುತ್ತದೆ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವರಿಗೆ 16ರ ಬದಲು 21 ಮೈಲೇಜ್ ಸಿಕ್ಕರೆ ಉಳಿಯುವುದು 15 ಲೀಟರ್, ಸುಮಾರು 1,500 ರೂಪಾಯಿ. ಅಂತರ ತೀರಲು ಹದಿಮೂರು ವರ್ಷ ಬೇಕು. ತಂಗಿಯ ಎದುರು ಉಳಿತಾಯದ ವಾದ ನಿಲ್ಲುವುದಿಲ್ಲ. ಹೆಚ್ಚುಕಡಿಮೆ ಸಮಾನ ಬೆಲೆಯ, ಹೆಚ್ಚು ಪೆಟ್ರೋಲ್ ಕುಡಿಯುವ ಎನ್ ಲೈನಿನ ಎದುರು ಮಾತ್ರ ನಿಲ್ಲುತ್ತದೆ.

ಹಾಗಾದರೆ ಹೈಬ್ರಿಡ್ ಗೆಲ್ಲುವುದು ಎಲ್ಲಿ? ಗುರುವಾಯನಕೆರೆಯಿಂದ ಉಜಿರೆಯವರೆಗಿನ ರಸ್ತೆಯಲ್ಲಿ. ಅಗಲೀಕರಣದ ಕಾಮಗಾರಿ, ಶಾಲೆ ಬಿಡುವ ಹೊತ್ತಿನ ದಟ್ಟಣೆ, ಲಕ್ಷದೀಪೋತ್ಸವದ ದಿನಗಳಲ್ಲಿ ಧರ್ಮಸ್ಥಳಕ್ಕೆ ಸಾಲುಗಟ್ಟುವ ವಾಹನಗಳು. ಲಾಯಿಲದವರ ದಿನದ ಓಡಾಟ ಹೆಚ್ಚಾಗಿ ಇಲ್ಲೇ. ಇಲ್ಲಿ ಹೈಬ್ರಿಡ್ ಎಂಜಿನ್ ಆರಿಸಿಕೊಂಡೇ ಹತ್ತು ಹತ್ತು ಮೀಟರ್ ಮುಂದಕ್ಕೆ ಸರಿಯುತ್ತದೆ. ಎಡಗಾಲಿಗೆ ಕೆಲಸವಿಲ್ಲ, ಕುಲುಕಾಟವಿಲ್ಲ, ಎಸಿಯೂ ಬ್ಯಾಟರಿಯಿಂದಲೇ ನಡೆಯುತ್ತದೆ. ಹೊಗಳಬೇಕಾದ ಗುಣ ಇದು. ಡಿಕ್ಕಿಯ ಜಾಗದಲ್ಲಿ ಒಂದು ಪಾಲನ್ನು ಬ್ಯಾಟರಿ ತಿನ್ನುವುದು ಇದರ ನಿಜವಾದ ಕೊರತೆ, ಅಡಿಕೆ ಚೀಲ ಹಾಕುವವರು ಮೊದಲೇ ನೋಡಿಕೊಳ್ಳಬೇಕು. ಬ್ಯಾಟರಿಗೆ ಟೊಯೊಟಾ ಕೊಡುವ ವಾರಂಟಿ 8 ವರ್ಷ ಅಥವಾ 1,60,000 ಕಿಲೋಮೀಟರ್. ವಾರವಾರ ಘಾಟಿ ಹತ್ತಿ ಚಿಕ್ಕಮಗಳೂರಿನ ಕಡೆ ಹೋಗುವವರು, ಗೇರ್ ಹಾಕಿ ಓಡಿಸುವುದರಲ್ಲಿ ಸಂತೋಷ ಕಾಣುವವರು ಎನ್ ಲೈನ್ ಮ್ಯಾನುಯಲ್ಲನ್ನೇ ಆರಿಸಿಕೊಳ್ಳುವುದು ಸರಿ. ಡಿಸಿಟಿಯ ಎನ್ ಲೈನಿಗೆ ಈ ರಸ್ತೆಯಲ್ಲಿ ಹೆಚ್ಚು ಹಣ ಕೊಡಲು ಕಾರಣವಿಲ್ಲ.