ಬೋಧನೆಯ ಅಳತೆಗೋಲು: ಒಂದು ವಿಮರ್ಶೆ

ವಿಜ್ಞಾನದ ತರಗತಿಗಳಲ್ಲಿ ಉತ್ತಮ ಬೋಧನೆಯನ್ನು ಅಳೆಯುವ ಬಗೆ ಯಾವುದು ಎಂಬ ಪ್ರಶ್ನೆಗೆ ನಮ್ಮ ಕಾಲೇಜುಗಳಲ್ಲಿ ರೂಢಿಯಾಗಿರುವ ಉತ್ತರಗಳು ಎರಡು: ಪರೀಕ್ಷೆಯಲ್ಲಿ ತೇರ್ಗಡೆಯಾದವರ ಪ್ರಮಾಣ, ಮತ್ತು ವಿದ್ಯಾರ್ಥಿಗಳಿಂದ ತುಂಬಿಸಿಕೊಳ್ಳುವ ಅಭಿಪ್ರಾಯಪತ್ರ. ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿಯು 2017ರ ಪರಿಷ್ಕೃತ ಕ್ರಮದಲ್ಲಿ ವಿದ್ಯಾರ್ಥಿಗಳ ಸಂತೃಪ್ತಿಯ ಸಮೀಕ್ಷೆಯನ್ನು ಸೇರಿಸಿದ ಮೇಲೆ ಎರಡನೆಯದರ ತೂಕ ಹೆಚ್ಚಿತು. ಇವು ನಿರುಪಯುಕ್ತವೆಂದಲ್ಲ, ಆದರೆ ಇವು ಅಳೆಯುವುದು ಬೋಧನೆಯನ್ನೇ ಎಂಬುದು ವಿಚಾರಾರ್ಹವಾದ ಸಂಗತಿ.

ಒಂದು ತರಗತಿಯ ಸರಾಸರಿ ಅಂಕ ವರ್ಷಾರಂಭದಲ್ಲಿ ನೂರಕ್ಕೆ 30 ಇದ್ದು ಕೊನೆಗೆ 44 ಆಯಿತೆನ್ನೋಣ. ಇನ್ನೊಂದರದು 70ರಿಂದ 76ಕ್ಕೆ ಏರಿತೆನ್ನೋಣ. ಫಲಿತಾಂಶವನ್ನಷ್ಟೇ ನೋಡುವವರು ಎರಡನೆಯ ಅಧ್ಯಾಪಕರನ್ನು ಮೆಚ್ಚುತ್ತಾರೆ. ಆದರೆ ಕಲಿಯಲು ಉಳಿದಿದ್ದುದರಲ್ಲಿ ಕಲಿತದ್ದೆಷ್ಟು ಎಂದು ಕೇಳಿದರೆ ಇಬ್ಬರದೂ ಐದರಲ್ಲಿ ಒಂದು ಪಾಲೇ. ಅಮೆರಿಕದ ರಿಚರ್ಡ್ ಹೇಕ್ ಅವರು 1998ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಆಧಾರ ಈ ಲೆಕ್ಕವೇ. ಭೌತವಿಜ್ಞಾನದ 62 ತರಗತಿಗಳ 6,542 ವಿದ್ಯಾರ್ಥಿಗಳನ್ನು ಕುರಿತ ಆ ಅಧ್ಯಯನದಲ್ಲಿ, ಕೇವಲ ಉಪನ್ಯಾಸ ನಡೆದ ತರಗತಿಗಳ ಸರಾಸರಿ ಗಳಿಕೆ 0.23, ವಿದ್ಯಾರ್ಥಿಗಳು ತಾವೇ ಯೋಚಿಸಿ ಚರ್ಚಿಸಿದ ತರಗತಿಗಳದು 0.48.

ಅಭಿಪ್ರಾಯಪತ್ರದ ಮಾತೂ ಇಷ್ಟೇ ತೊಡಕಿನದು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ತಾವೇ ದುಡಿದು ಕಲಿತ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರೂ ತಾವು ಕಲಿತದ್ದು ಕಡಿಮೆಯೆಂದೇ ಭಾವಿಸಿದರು. ನಿರರ್ಗಳವಾದ ಉಪನ್ಯಾಸ ತಿಳಿವಿನ ಭ್ರಮೆಯನ್ನು ಹುಟ್ಟಿಸಬಲ್ಲುದು.

ಹಾಗಾದರೆ ಹೇಕ್ ಅವರ ಅಳತೆಗೋಲನ್ನೇ ನಾವು ಸ್ವೀಕರಿಸಬಹುದೇ? ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಸವದತ್ತಿ ತಾಲೂಕಿನ ಉಗರಗೋಳದಂಥ ಊರಿನಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ವಿದ್ಯಾರ್ಥಿಯು ಪದವಿಪೂರ್ವ ವಿಜ್ಞಾನವನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಆರಂಭಿಸುತ್ತಾನೆ. ದ್ರವದ ಒತ್ತಡದ ಸೂತ್ರವನ್ನು ಅವನು ತಪ್ಪಿಲ್ಲದೆ ಬರೆಯಬಹುದು. ಆದರೆ, ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನ ಹಿಂದೆ ನೀರು ಒಂದು ಮೈಲಿ ಚಾಚಿದ್ದರೂ ಹತ್ತು ಮೈಲಿ ಚಾಚಿದ್ದರೂ ಒಂದೇ ಆಳದಲ್ಲಿ ಗೋಡೆಯ ಮೇಲಿನ ಒತ್ತಡ ಒಂದೇ ಆಗಿರುವುದೇ ಎಂದು ಕೇಳಿದರೆ, ನೀರು ಹೆಚ್ಚಿದ್ದಲ್ಲಿ ಒತ್ತಡವೂ ಹೆಚ್ಚೆಂದು ಹೇಳಬಹುದು. ಈ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಮಾತ್ರ ಕೇಳಿದಾಗ ಬಂದ ತಪ್ಪು ಉತ್ತರವು ಭೌತವಿಜ್ಞಾನದ ಕೊರತೆಯೋ, ಭಾಷೆಯ ಕೊರತೆಯೋ ತಿಳಿಯದು. ವರ್ಷಾಂತ್ಯದಲ್ಲಿ ಉತ್ತರ ಸರಿಯಾದರೂ ಅದೇ ಸಂದೇಹ ಉಳಿಯುತ್ತದೆ: ಹೆಚ್ಚಿದ್ದು ತಿಳಿವೋ, ಇಂಗ್ಲಿಷೋ?

ಆದುದರಿಂದ ವರ್ಷದ ಆದಿಯಲ್ಲಿಯೂ ಅಂತ್ಯದಲ್ಲಿಯೂ, ಸೂತ್ರದ ನೆರವಿಲ್ಲದೆ ಯೋಚಿಸಬೇಕಾದ ಕೆಲವೇ ಪ್ರಶ್ನೆಗಳನ್ನು ಎರಡೂ ಭಾಷೆಗಳಲ್ಲಿ ಮುಂದಿಟ್ಟು, ವಿದ್ಯಾರ್ಥಿಯು ತನಗೆ ಒಗ್ಗಿದ ಭಾಷೆಯಲ್ಲಿ ಕಾರಣಸಹಿತ ಉತ್ತರಿಸುವಂತೆ ಮಾಡುವುದು ಯುಕ್ತ. ಈ ಅಂಕಗಳು ಅಧ್ಯಾಪಕರ ಬಡ್ತಿಗೆ ಆಧಾರವಾಗಕೂಡದು. ಆದರೆ ಪ್ರಶ್ನೆಗಳಿಗೆ ಉತ್ತರವನ್ನು ಬಾಯಿಪಾಠ ಮಾಡಿಸುವ ಪಿಡುಗು ಮರುವರ್ಷವೇ ಆರಂಭವಾದೀತು. ಅವು ವಿಭಾಗದೊಳಗಿನ ಚರ್ಚೆಗೆ ಸಾಮಗ್ರಿಯಾಗಲಿ. ಅಳತೆ ತಪ್ಪಿದರೆ ಹಾನಿ ಅಧ್ಯಾಪಕರೊಬ್ಬರಿಗೇ ಅಲ್ಲ; ತಿಳಿದೂ ಹೇಳಲಾರದ ಹಳ್ಳಿಯ ಹುಡುಗ ಹುಡುಗಿಯರು ದಡ್ಡರೆನಿಸಿಕೊಂಡು ವಿಜ್ಞಾನವನ್ನೇ ಬಿಟ್ಟುಹೋಗುತ್ತಾರೆ.