ಚೆಂಡು ನೋಡುವವನ ರಾಜಕೀಯ

ಹೋದ ವರ್ಷ ನಮ್ಮ ಚಿಕ್ಕಪ್ಪನ ಮನೆಯ ಗೃಹಪ್ರವೇಶದ ದಿನ ಊಟದ ಎಲೆಯ ಮುಂದೆ ಕೂತು ನಾನೂ ನನ್ನ ತಮ್ಮನೂ ಜಗಳವಾಡಿದೆವು. ಆಸ್ತಿಯ ಜಗಳವಲ್ಲ, ರಾಜಕೀಯದ ಜಗಳ. ಯಾವ ಪಕ್ಷ, ಯಾವ ನಾಯಕ ಎಂಬುದು ಇಲ್ಲಿ ಬೇಡ. ಅದನ್ನು ಹೇಳಿದರೆ ಓದುತ್ತಿರುವ ನೀವೂ ಎರಡು ಪಂಗಡವಾಗಿಬಿಡುತ್ತೀರಿ. ಪಾಯಸ ಬರುವ ಹೊತ್ತಿಗೆ ಅವನ ದನಿ ಏರಿತ್ತು. "ಅಕ್ಕ, ನಿಂಗೇನು ಗೊತ್ತು? ಇಷ್ಟು ವರ್ಷದಿಂದ ಅದೇ ಸಮಾಜ ಪಾಠ ಒಪ್ಪಿಸ್ಕೊಂಡು ಬಂದಿದೀಯ" ಅಂದ. ನಾನೂ ಸುಮ್ಮನಿರಲಿಲ್ಲ. "ಹೌದಪ್ಪ, ರಾತ್ರಿಯೆಲ್ಲ ಫುಟ್‌ಬಾಲ್ ನೋಡೋನು ನೀನು. ದೇಶದ ವಿಚಾರ ನಿಂಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ?" ಅಂದೆ. ಬಡಿಸುತ್ತಿದ್ದವರೆಲ್ಲ ನಕ್ಕರು. ಅವನು ಮೊಸರಿಗೂ ಕಾಯದೆ ಎದ್ದು ಹೋದ. ಎಲೆಯಿಂದ ಅರ್ಧಕ್ಕೆ ಎದ್ದು ಹೋಗುವುದೆಂದರೆ ನಮ್ಮ ಕಡೆ ಏನರ್ಥ ಎಂಬುದು ನಿಮಗೇ ಗೊತ್ತು. ಅಲ್ಲಿಂದ ಈಚೆಗೆ ನಮ್ಮಿಬ್ಬರಲ್ಲಿ ಮಾತಿಲ್ಲ. ಹಬ್ಬದ ವಿಚಾರ, ಅಮ್ಮನ ಮಾತ್ರೆಯ ವಿಚಾರ ಎಲ್ಲ ಅವನ ಹೆಂಡತಿಯ ಮೂಲಕ ಹೋಗಿ ಬರುತ್ತದೆ.

ತಮ್ಮನ ಫುಟ್‌ಬಾಲ್ ಹುಚ್ಚು 1986ರದ್ದು. ಆಗ ಮೆಕ್ಸಿಕೋದಲ್ಲಿ ವಿಶ್ವಕಪ್. ನಮ್ಮ ಬೀದಿಯಲ್ಲಿ ಟಿ.ವಿ. ಇದ್ದ ಒಂದೇ ಮನೆಯ ಜಗಲಿಯ ತುಂಬ ಹುಡುಗರು. ಹೆಣ್ಣುಮಕ್ಕಳು ರಾತ್ರಿ ಹೊತ್ತು ಅಲ್ಲಿಗೆ ಹೋಗುವಂತಿರಲಿಲ್ಲ. ಬೆಳಿಗ್ಗೆ ತಮ್ಮ ಹಲ್ಲುಜ್ಜುತ್ತಲೇ ಮರಡೋನನ ಗೋಲನ್ನು ಹಿತ್ತಲಲ್ಲಿ ಓಡಿ ತೋರಿಸುತ್ತಿದ್ದ. ನಾನು ನೋಡಿದ ವಿಶ್ವಕಪ್ ಅಷ್ಟೇ. ಇಂಗ್ಲೆಂಡನ್ನು ಅರ್ಜೆಂಟೀನ ಸೋಲಿಸಿದಾಗ ಅಲ್ಲಿಯ ಜನ ಹಾಗೆ ಯಾಕೆ ಕುಣಿದರು, 1982ರಲ್ಲಿ ಕೆಲವು ದ್ವೀಪಗಳಿಗಾಗಿ ಆ ಎರಡು ದೇಶಗಳ ನಡುವೆ ಹೇಗೆ ಯುದ್ಧವಾಗಿತ್ತು ಎಂದು ವಿವರಿಸಿದವನೂ ಅವನೇ. ಸಮಾಜ ವಿಷಯದಲ್ಲಿ ತರಗತಿಗೇ ಮೊದಲಿಗಳಾಗಿದ್ದ ನನಗೆ ಆ ದ್ವೀಪಗಳು ಭೂಪಟದಲ್ಲಿ ಎಲ್ಲಿವೆ ಎಂಬುದೂ ತಿಳಿದಿರಲಿಲ್ಲ. ಗೃಹಪ್ರವೇಶದ ದಿನ ಇದು ನನಗೆ ನೆನಪಾಗಲಿಲ್ಲ ನೋಡಿ.

ಈ ಮಳೆಗಾಲದಲ್ಲಿ, ಅವನು ವರ್ಗವಾಗಿ ಹೋಗುವಾಗ ನಮ್ಮಲ್ಲಿ ಬಿಟ್ಟುಹೋಗಿದ್ದ ರಟ್ಟಿನ ಪೆಟ್ಟಿಗೆಗಳನ್ನು ಗೆದ್ದಲಿನ ಭಯಕ್ಕೆ ಬಿಚ್ಚಿದೆ. ಅದರಲ್ಲಿ ಈ ಪುಸ್ತಕ ಸಿಕ್ಕಿತು. ಎಡುವಾರ್ಡೊ ಗಲೆಯಾನೊ ಎಂಬ ಉರುಗ್ವೆ ದೇಶದ ಲೇಖಕ 1995ರಲ್ಲಿ ಸ್ಪ್ಯಾನಿಷ್‌ನಲ್ಲಿ ಬರೆದದ್ದು, ಮಾರ್ಕ್ ಫ್ರೈಡ್ ಇಂಗ್ಲಿಷಿಗೆ ತಂದದ್ದು. ಹೆಸರು 'ಬಿಸಿಲು ನೆರಳಿನಲ್ಲಿ ಫುಟ್‌ಬಾಲ್' ಎಂಬರ್ಥದ್ದು. ಒಂದೆರಡು ಪುಟಗಳ ಪುಟ್ಟ ಪುಟ್ಟ ಬರಹಗಳು. ಅಲ್ಲಲ್ಲಿ ತಮ್ಮನ ಪೆನ್ಸಿಲ್ ಗೆರೆಗಳು. ಎಸೆಯಲು ಮನಸ್ಸಾಗದೆ ಓದಲು ಕೂತೆ. ಆಟದ ಗಂಧವಿಲ್ಲದ ನಾನು ಮೂರೇ ದಿನದಲ್ಲಿ ಮುಗಿಸಿದೆ.

ಗಲೆಯಾನೊ ಆಟಗಾರನಲ್ಲ. ಆಗಬೇಕೆಂಬ ಆಸೆ ಅವನಿಗೂ ಇತ್ತಂತೆ. ಆದರೆ ಚೆನ್ನಾಗಿ ಆಡುತ್ತಿದ್ದದ್ದು ನಿದ್ದೆಯಲ್ಲಿ ಮಾತ್ರ, ಎಚ್ಚರದಲ್ಲಿ ಅವನ ಕಾಲು ಮರದ ಕೊರಡು ಎಂದು ಮೊದಲಲ್ಲೇ ಒಪ್ಪಿಕೊಳ್ಳುತ್ತಾನೆ. ಕೊನೆಗೆ ಒಳ್ಳೆಯ ಆಟಕ್ಕಾಗಿ ಊರೂರು ಬೇಡುವ ಭಿಕ್ಷುಕನಾದೆ ಎನ್ನುತ್ತಾನೆ. ಬರೀ ಅಭಿಮಾನಿ ಅವನು. ಆದರೆ ಎಂಥ ಬದುಕು ಕಂಡ ಅಭಿಮಾನಿ! 1973ರಲ್ಲಿ ಅವನ ದೇಶವನ್ನು ಸೈನ್ಯ ಹಿಡಿದಾಗ ಜೈಲು ಕಂಡ. ಅರ್ಜೆಂಟೀನಕ್ಕೆ ಹೋದ. 1976ರಲ್ಲಿ ಅಲ್ಲಿಯೂ ಸೈನ್ಯ ಬಂತು. ಅಲ್ಲಿಂದ ಸ್ಪೇನ್‌ಗೆ ಹೋದವನು ತಾಯ್ನಾಡಿಗೆ ಮರಳಿದ್ದು 1985ರಲ್ಲಿ. ಇಂಥವನು ಮೈದಾನದ ಅಂಚಿನಲ್ಲಿ ಕೂತು ರಾಜಕೀಯ ಮಾತಾಡಿದರೆ ಅದನ್ನು ಹರಟೆ ಎನ್ನಲಾದೀತೆ?

ಹಾಗೆ ನೋಡಿದರೆ ಮೈದಾನಕ್ಕೆ ರಾಜಕೀಯವನ್ನು ತಂದದ್ದು ಅವನಲ್ಲ, ಆಳುವವರೇ ಹೊತ್ತು ತಂದರು. ಪುಸ್ತಕದುದ್ದಕ್ಕೂ ಅವನು ತೋರಿಸುವುದು ಇದನ್ನೇ. 1916ರಲ್ಲಿ ದಕ್ಷಿಣ ಅಮೆರಿಕದ ದೇಶಗಳ ಪಂದ್ಯಾವಳಿಯಲ್ಲಿ ಉರುಗ್ವೆ ತಂಡ ಚಿಲಿಯನ್ನು 4-0 ಗೋಲುಗಳಿಂದ ಸೋಲಿಸಿತು. ಎದುರಾಳಿ ತಂಡದಲ್ಲಿ ಇಬ್ಬರು ಆಫ್ರಿಕದವರಿದ್ದಾರೆ, ಪಂದ್ಯ ರದ್ದಾಗಬೇಕು ಎಂದು ಚಿಲಿ ದೂರು ಕೊಟ್ಟಿತು. ಆ ಇಬ್ಬರೂ ಗುಲಾಮರ ವಂಶದವರು, ಉರುಗ್ವೆಯವರೇ. ಒಬ್ಬನ ಹೆಸರು ಗ್ರಾದಿನ್. ನಾಲ್ಕರಲ್ಲಿ ಎರಡು ಗೋಲು ಅವನದ್ದು.

ಅದೇ ಚಿಲಿಯಲ್ಲಿ 1973ರಲ್ಲಿ ಸೈನ್ಯಾಡಳಿತ ಬಂದಾಗ ರಾಜಧಾನಿಯ ದೊಡ್ಡ ಕ್ರೀಡಾಂಗಣವನ್ನೇ ಜೈಲು ಮಾಡಿದರು. ಸಾವಿರಾರು ಜನರನ್ನು ಅಲ್ಲಿ ಕೂಡಿಹಾಕಿ ಹಿಂಸಿಸಿದರು. ಎರಡು ತಿಂಗಳಲ್ಲಿ ಅಲ್ಲೇ ವಿಶ್ವಕಪ್ ಅರ್ಹತೆಯ ಪಂದ್ಯ ನಡೆಯಬೇಕಿತ್ತು. ಸೋವಿಯತ್ ತಂಡ ಬರಲೊಪ್ಪಲಿಲ್ಲ. ಎದುರಾಳಿಯೇ ಇಲ್ಲದ ಮೈದಾನದಲ್ಲಿ ಚಿಲಿಯ ಆಟಗಾರರು ಚೆಂಡು ಒಯ್ದು ಖಾಲಿ ಗೋಲಿಗೆ ತಳ್ಳಿ ಬಂದರು. ಪ್ರಭುತ್ವ ಎಂಬ ಪಾಠವನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಮಾಡಿದ್ದೇನೆ. ಆ ಖಾಲಿ ಗೋಲಿನ ಚಿತ್ರ ಕಲಿಸುವಷ್ಟನ್ನು ನಾನು ಕಲಿಸಿದ್ದೇನೆಯೇ ಎಂದು ಅನುಮಾನವಾಯಿತು.

ತಮ್ಮನ ಪ್ರೀತಿಯ ಅರ್ಜೆಂಟೀನ 1978ರಲ್ಲಿ ತನ್ನ ನೆಲದಲ್ಲೇ ನೆದರ್ಲೆಂಡ್ಸನ್ನು 3-1ರಿಂದ ಸೋಲಿಸಿ ಮೊದಲ ಸಲ ವಿಶ್ವಕಪ್ ಗೆದ್ದಿತು. ಆಗ ಅಲ್ಲಿ ಸೈನ್ಯಾಧಿಕಾರಿ ವಿದೇಲನ ಆಳ್ವಿಕೆ. ಫೈನಲ್ ನಡೆದ ಕ್ರೀಡಾಂಗಣಕ್ಕೆ ಹತ್ತಿರದಲ್ಲೇ ನೌಕಾದಳದ ಶಾಲೆ. ಅದೇ ಗುಟ್ಟಿನ ಸೆರೆಮನೆಯಾಗಿತ್ತು. ಗೋಲು ಬಿದ್ದಾಗ ಎದ್ದ ಜನರ ಕೂಗು ತಮಗೆ ಕೇಳಿಸುತ್ತಿತ್ತು ಎಂದು ಅಲ್ಲಿ ಬದುಕುಳಿದವರು ಮುಂದೆ ಹೇಳಿದರು. ಕುಣಿದ ಜನರನ್ನು ಗಲೆಯಾನೊ ಬೈಯುವುದಿಲ್ಲ. ಅವನ ಸಿಟ್ಟೆಲ್ಲ ಪದಕ ಹಂಚಿ ನಕ್ಕ ದೊಡ್ಡವರ ಮೇಲೆ.

ಈ ಅಧ್ಯಾಯ ಓದುವಾಗ ನನ್ನ ಮನಸ್ಸು ಮೈದಾನ ಬಿಟ್ಟು ಆ ಊರಿನ ಮೇ ಚೌಕಕ್ಕೆ ಹೋಯಿತು. ಮಾಯವಾದ ತಮ್ಮ ಮಕ್ಕಳೆಲ್ಲಿ ಎಂದು ಕೇಳುತ್ತ ತಾಯಂದಿರು 1977ರಿಂದ ಅಲ್ಲಿ ಸುತ್ತು ಹಾಕುತ್ತಿದ್ದರು. ತಲೆಗೆ ಬಿಳಿ ಬಟ್ಟೆ, ಗುರುವಾರ ಗುರುವಾರ ತಪ್ಪದ ನಡಿಗೆ. ಆಳುವವರು ಅವರನ್ನು ಹುಚ್ಚಿಯರು ಎಂದರು. ಮುಂದೆ ನಿಂತಿದ್ದ ಅಸುಸೇನ ಎಂಬಾಕೆಯನ್ನು ಅದೇ ವರ್ಷದ ಡಿಸೆಂಬರ್‌ನಲ್ಲಿ ಮಾಯ ಮಾಡಿದರು. ಆದರೂ ಉಳಿದವರು ನಿಲ್ಲಿಸಲಿಲ್ಲ. 1978ರ ಜೂನ್ 1, ವಿಶ್ವಕಪ್ ಉದ್ಘಾಟನೆಯ ದಿನವೂ ಗುರುವಾರವೇ. ನೆದರ್ಲೆಂಡ್ಸ್‌ನ ಟಿ.ವಿ.ಯವರು ಈ ತಾಯಂದಿರನ್ನು ಚಿತ್ರಿಸಿ ಲೋಕಕ್ಕೆ ತೋರಿಸಿದರು. ಆಟ ನೋಡಲು ಬಂದ ಕಣ್ಣುಗಳಿಗೆ ಹುಚ್ಚಿಯರು ಕಂಡರು. ರಾಜಕೀಯ ಮಾತಾಡಲು ನಿನಗೇನು ಗೊತ್ತು ಎಂದು ಈ ತಾಯಂದಿರನ್ನು ಯಾರು ಕೇಳಬಲ್ಲರು?

ಇನ್ನು ಪುಸ್ತಕದ ಕೊರತೆಗಳನ್ನೂ ಹೇಳಬೇಕು. ಮೂವತ್ತು ವರ್ಷ ಕೆಂಪು ಶಾಯಿ ಹಿಡಿದವಳು ನಾನು, ಸುಮ್ಮನೆ ಹೊಗಳಿ ಬಿಡಲಾರೆ.

ಪ್ರತಿ ವಿಶ್ವಕಪ್‌ನ ಅಧ್ಯಾಯವನ್ನೂ ಗಲೆಯಾನೊ ಆ ವರ್ಷದ ಲೋಕವಾರ್ತೆಗಳಿಂದ ಶುರುಮಾಡುತ್ತಾನೆ. ಯಾರು ಸತ್ತರು, ಯಾರು ಪಟ್ಟಕ್ಕೆ ಬಂದರು, ಎಲ್ಲಿ ಯುದ್ಧ. ರೇಡಿಯೋ ವಾರ್ತೆ ಕೇಳಿದ ಹಾಗಿರುತ್ತದೆ. 1962ರಿಂದ ಅದಕ್ಕೊಂದು ತಮಾಷೆಯ ಪಲ್ಲವಿ ಸೇರುತ್ತದೆ: ಕ್ಯೂಬಾದ ಕ್ಯಾಸ್ಟ್ರೊ ಇನ್ನೇನು ಬಿದ್ದೇಬಿಟ್ಟ ಎಂದು ಮಯಾಮಿಯ ಬಲ್ಲವರು ಹೇಳುತ್ತಿದ್ದಾರೆ ಎಂದು. ನಾಲ್ಕು ವರ್ಷಕ್ಕೊಮ್ಮೆ ವಿಶ್ವಕಪ್ ಬರುತ್ತದೆ, ಭವಿಷ್ಯವೂ ಬರುತ್ತದೆ, ಕ್ಯಾಸ್ಟ್ರೊ ಮಾತ್ರ ಬೀಳುವುದಿಲ್ಲ. ಮೊದಮೊದಲು ನಕ್ಕೆ. ಐದಾರನೆಯ ಸಲ, ಸರಿಯಪ್ಪ, ಅವನು ಬೀಳದ್ದರಿಂದ ಅಲ್ಲಿಯ ಹೆಂಗಸರಿಗೆ ಏನಾಯಿತು, ಅಡಿಗೆಮನೆಯಲ್ಲಿ ಏನಿತ್ತು, ಏನಿರಲಿಲ್ಲ, ಅದನ್ನೂ ಹೇಳಬಾರದೇ ಅನ್ನಿಸಿತು. ಚುಚ್ಚುಮಾತು ರುಚಿಯಾಗಿರುತ್ತದೆ, ಹೊಟ್ಟೆ ತುಂಬುವುದಿಲ್ಲ. ನಮ್ಮ ಮಕ್ಕಳ ಉತ್ತರಪತ್ರಿಕೆಯಾಗಿದ್ದರೆ 'ಕಾರಣ ಬರೆದಿಲ್ಲ' ಎಂದು ಪಕ್ಕದಲ್ಲಿ ಬರೆದು ಒಂದು ಅಂಕ ಕಳೆಯುತ್ತಿದ್ದೆ.

ದೊಡ್ಡ ಕೊರತೆ ಇನ್ನೊಂದು. ಬಡವರು, ಕರಿಯರು, ಸೋತವರು, ಮರೆತುಹೋದವರು ಎಲ್ಲರೂ ಅವನ ಕಣ್ಣಿಗೆ ಬೀಳುತ್ತಾರೆ. ಹೆಂಗಸರು ಮಾತ್ರ ಬಹುಮಟ್ಟಿಗೆ ಅಂಚಿನಲ್ಲೇ ಉಳಿಯುತ್ತಾರೆ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಪ್ರೆಸ್ಟನ್ ಊರಿನ ಕಾರ್ಖಾನೆಯ ಹುಡುಗಿಯರು ಡಿಕ್ ಕೆರ್ ಹೆಸರಿನ ತಂಡ ಕಟ್ಟಿದ್ದರು. 1920ರ ಡಿಸೆಂಬರ್‌ನಲ್ಲಿ ಅವರ ಒಂದು ಪಂದ್ಯ ನೋಡಲು 53,000 ಜನ ಸೇರಿದ್ದರು. ಮರುವರ್ಷವೇ ಅಲ್ಲಿಯ ಫುಟ್‌ಬಾಲ್ ಸಂಘ, ಈ ಆಟ ಹೆಂಗಸರಿಗೆ ತಕ್ಕದ್ದಲ್ಲ ಎಂದು ತನ್ನ ಮೈದಾನಗಳಲ್ಲಿ ಅವರಿಗೆ ಜಾಗ ಇಲ್ಲವೆಂದಿತು. ಸುಮಾರು ಐವತ್ತು ವರ್ಷ ಆ ನಿಷೇಧ ಇತ್ತು. ಉರುಗ್ವೆಯ ನೆರೆಯ ಬ್ರೆಜಿಲ್‌ನಲ್ಲಿ 1941ರಲ್ಲಿ ಸರಕಾರವೇ ಕಟ್ಟಳೆ ತಂದಿತು. ಅದು ಹೋದದ್ದು 1979ರಲ್ಲಿ. ಹೆಣ್ಣಿನ ದೇಹಕ್ಕೆ ಒಗ್ಗದ ಆಟಗಳು ಬೇಡ ಎಂಬುದು ಅದರ ಮಾತು. ಇದಕ್ಕಿಂತ ರಾಜಕೀಯ ಬೇಕೆ? ಪಕ್ಕದ ಮನೆಯ ಅನ್ಯಾಯ ಈ ಸೂಕ್ಷ್ಮದ ಕಣ್ಣಿಗೆ ಸಿಗಬೇಕಾದಷ್ಟು ಸಿಗಲಿಲ್ಲವಲ್ಲ ಎಂದು ಬೇಸರವಾಯಿತು. ಟಿ.ವಿ. ಇದ್ದ ಮನೆಯ ಜಗಲಿಗೆ ಹೋಗಲಾಗದೆ ಉಳಿದವಳ ಬೇಸರ ಅದು.

ಆದರೂ ಈ ಅಭಿಮಾನಿಯನ್ನು ನಾನು ನಂಬುತ್ತೇನೆ. ಕಾರಣ ಇಷ್ಟು. ಪುಸ್ತಕದಲ್ಲಿ 'ಅಭಿಮಾನಿ' ಎಂದು ಒಂದು ಬರಹ, ಪಕ್ಕದಲ್ಲೇ 'ಉಗ್ರಾಭಿಮಾನಿ' ಎಂದು ಇನ್ನೊಂದು. ಅಭಿಮಾನಿ ಆಟ ನೋಡಲು ಬರುತ್ತಾನೆ. ಉಗ್ರಾಭಿಮಾನಿಗೆ ಆಟ ಬೇಡವೇ ಬೇಡ, ಅವನಿಗೆ ಬೇಕಾದ್ದು ಎದುರು ಸಾಲಿನಲ್ಲಿ ಕೂತ ವೈರಿ. ಈ ಎರಡರಲ್ಲಿ ತಾನು ಯಾರು ಎಂಬುದನ್ನು ಗಲೆಯಾನೊ ಬದುಕಿನಲ್ಲೂ ತೋರಿಸಿದ. ಜೀವಮಾನವಿಡೀ ಕ್ಯೂಬಾದ ಪರ ನಿಂತವನು, 2003ರಲ್ಲಿ ಅಲ್ಲಿಯ ಸರಕಾರ ದೋಣಿ ಅಪಹರಿಸಿ ಓಡಲು ನೋಡಿದ ಮೂವರನ್ನು ಕೊಂದು, ವಿರೋಧಿಗಳನ್ನು ಜೈಲಿಗೆ ತಳ್ಳಿದಾಗ, ಕ್ಯೂಬಾ ನೋಯಿಸುತ್ತಿದೆ ಎಂದು ಬಹಿರಂಗವಾಗಿ ಬರೆದ. ತನಗೆ ಹೆಸರು ತಂದ 1971ರ ಪುಸ್ತಕದ ಬಗ್ಗೆ 2014ರಲ್ಲಿ, ಅದನ್ನು ಬರೆಯಲು ಬೇಕಾದಷ್ಟು ಅರ್ಥಶಾಸ್ತ್ರದ ತಿಳಿವಳಿಕೆ ಆಗ ತನಗಿರಲಿಲ್ಲ, ಈಗ ಮತ್ತೆ ಓದಲಾರೆ ಎಂದ. ಮರುವರ್ಷ ತೀರಿಕೊಂಡ. ತನ್ನ ತಂಡದವನು ಕಾಲು ಕೊಟ್ಟು ಬೀಳಿಸಿದ್ದನ್ನು ತಾನೇ ಎದ್ದು ಹೇಳಬಲ್ಲ ಅಭಿಮಾನಿ ಸಿಗುವುದು ಮೈದಾನದಲ್ಲೂ ಕಷ್ಟ, ಚುನಾವಣೆಯಲ್ಲೂ ಕಷ್ಟ.

ಈ ತಕ್ಕಡಿಯಲ್ಲಿ ನನ್ನನ್ನೇ ತೂಗಿಕೊಂಡೆ. ಗೃಹಪ್ರವೇಶದ ದಿನ ತಮ್ಮ ಹೇಳಿದ ಮಾತುಗಳಲ್ಲಿ ಒಂದೆರಡು ನಿಜವಿದ್ದವು, ಅದು ನನಗೆ ಆಗಲೇ ಗೊತ್ತಿತ್ತು. ಒಪ್ಪಿಕೊಂಡರೆ ಸೋತ ಹಾಗಾದೀತೆಂದು ಅವನ ಫುಟ್‌ಬಾಲನ್ನು ಹಂಗಿಸಿದೆ. ವಿಷಯ ಬಿಟ್ಟು ಆಳನ್ನು ಹೊಡೆದೆ. ಅವನೂ ಅದನ್ನೇ ಮಾಡಿದ್ದ ಎನ್ನುವುದು ಬೇರೆ ಮಾತು.

ತಮ್ಮ ಅತಿ ದಪ್ಪ ಗೆರೆ ಎಳೆದಿರುವುದು 1950ರ ನಿರ್ಣಾಯಕ ಪಂದ್ಯದ ಪುಟಗಳಿಗೆ. ರಿಯೊ ನಗರದ ಮರಕಾನ ಕ್ರೀಡಾಂಗಣದಲ್ಲಿ ಬ್ರೆಜಿಲ್ ಉರುಗ್ವೆಗೆ 2-1ರಿಂದ ಸೋತಿತು. ಗೋಲ್‌ಕೀಪರ್ ಬಾರ್ಬೋಸನನ್ನು ಬ್ರೆಜಿಲ್ ಕ್ಷಮಿಸಲೇ ಇಲ್ಲ. 1993ರಲ್ಲೂ ರಾಷ್ಟ್ರೀಯ ತಂಡವನ್ನು ನೋಡಲು ಹೋದ ಮುದುಕನನ್ನು ಅಪಶಕುನ ಎಂದು ಒಳಗೆ ಬಿಡಲಿಲ್ಲ. ಈ ದೇಶದ ಕಾನೂನಿನಲ್ಲಿ ಅತಿ ದೊಡ್ಡ ಶಿಕ್ಷೆ 30 ವರ್ಷ, ನಾನು ಮಾಡದ ತಪ್ಪಿಗೆ 43 ವರ್ಷದಿಂದ ಅನುಭವಿಸುತ್ತಿದ್ದೇನೆ ಎಂದನಂತೆ ಅವನು. ಗೆದ್ದ ಉರುಗ್ವೆಯ ನಾಯಕ ಒಬ್ದುಲಿಯೊ ವರೇಲ ಆ ರಾತ್ರಿ ಏನು ಮಾಡಿದ ಗೊತ್ತೆ? ಸಂಭ್ರಮ ಬಿಟ್ಟು ಒಬ್ಬನೇ ಹೊರಗೆ ಹೋಗಿ, ಅಳುತ್ತಿದ್ದ ಬ್ರೆಜಿಲ್‌ನವರ ಹೆಗಲ ಮೇಲೆ ಕೈಹಾಕಿಕೊಂಡು ಬೆಳಗಿನವರೆಗೂ ಅವರ ಜೊತೆ ಕುಡಿಯುತ್ತ ಕೂತಿದ್ದ.

ತಮ್ಮನ ಗೆರೆಗಳ ಪಕ್ಕದಲ್ಲಿ ಈಗ ನನ್ನ ಪ್ರಶ್ನೆಯ ಗುರುತುಗಳೂ ಇವೆ. ಹೆಂಗಸರಿಲ್ಲದ ಕಡೆ ಎರಡೆರಡು ಹಾಕಿದ್ದೇನೆ. ಪುಸ್ತಕ ಅವನದು, ಹಿಂದಿರುಗಿಸಬೇಕು. ಅಂಚೆಯಲ್ಲಿ ಕಳಿಸಬಹುದಿತ್ತು, ಅವನ ಹೆಂಡತಿಯ ಕೈಲೂ ಕೊಡಬಹುದಿತ್ತು. ದಸರೆಯ ರಜೆಗೆ ನಾನೇ ಹೋಗಿ ಕೊಟ್ಟು ಬರೋಣವೆಂದಿದ್ದೇನೆ. ಜಗಳ ಮತ್ತೆ ಆಗಬಹುದು. ಆದರೆ ಈ ಸಲ ಅವನು ಮೊಸರನ್ನ ಉಂಡ ಮೇಲೇ ಏಳಬೇಕು, ಅಷ್ಟು ನೋಡಿಕೊಳ್ಳುತ್ತೇನೆ.